ಪ್ರೊಫೆಷನಲ್ಲಾ, ಪೆನ್ಷನರ್ರಾ?

ಬೆಂಗಳೂರಿನ ಮಗ ಹೊಸ ಕ್ಯಾಮೆರಾ ಕೊಂಡ. ಹಳೆಯದರ ಕಂತು ಇನ್ನೂ ಮೂರು ತಿಂಗಳು ಬಾಕಿ ಇತ್ತು. ಮಾರಿದರೆ ನಷ್ಟ, ಮನೆಯಲ್ಲೇ ಇಟ್ಟುಕೊಂಡರೆ ಸೊಸೆಯ ಕಣ್ಣಿಗೆ ಬೀಳುತ್ತೆ. ಹಾಗಾಗಿ ಅದು ಮೈಸೂರಿನ ಸರಸ್ವತಿಪುರಂಗೆ, ನನ್ನ ಕೊರಳಿಗೆ ಬಂತು. "ಅಪ್ಪಾ, ದಿನಾ ಬೆಳಿಗ್ಗೆ ಕುಕ್ಕರಹಳ್ಳಿ ಕೆರೆ ಸುತ್ತುತ್ತೀರಲ್ಲ, ಇದನ್ನೂ ಜೊತೆಗೆ ಸುತ್ತಿಸಿ. ಮನೆ, ಬೀದಿ, ಮಾರ್ಕೆಟ್ಟು, ಪಾಪು, ಎಲ್ಲಕ್ಕೂ ಆಗುತ್ತೆ" ಅಂದ.

ಎಲ್ಲಕ್ಕೂ ಆಗುವ ವಸ್ತು ಕಲಿಯುವುದು ಎಷ್ಟು ಕಷ್ಟ ಅಂತ ಆಮೇಲೆ ತಿಳಿಯಿತು. ಕೈಪಿಡಿ ಅನ್ನುತ್ತಾರೆ, ಆದರೆ ಅದು ಕೈಯಲ್ಲಿ ಹಿಡಿಯುವ ಪೈಕಿ ಅಲ್ಲ. ಆರುನೂರು ಚಿಲ್ಲರೆ ಪುಟದ ಪಿಡಿಎಫ್ಫು. ಮೂವತ್ತೈದು ವರ್ಷ ಬ್ಯಾಂಕಿನ ಸರ್ಕ್ಯುಲರ್ ಓದಿ ಅರ್ಥ ಮಾಡಿಕೊಂಡವನಿಗೂ ನಲವತ್ತನೇ ಪುಟದಲ್ಲಿ ತಲೆ ತಿರುಗಿತು. ಮೇಲಿನ ಚಕ್ರದಲ್ಲಿ ಎಂ, ಎ, ಎಸ್, ಪಿ ಅಂತ ಅಕ್ಷರಗಳು. ಬೆಳಕು ಒಳಗೆ ಬಿಡುವ ರಂಧ್ರದ ಲೆಕ್ಕವಂತೂ ತಲೆಕೆಳಗು: ಎಫ್ 1.8 ಅಂದರೆ ದೊಡ್ಡ ಕಿಂಡಿ, ಎಫ್ 16 ಅಂದರೆ ಸೂಜಿಕಣ್ಣು. ಕೊನೆಗೆ ಪಕ್ಕದ ಮನೆಯ ಹುಡುಗಿ ಒಂದೇ ಮಾತಿನಲ್ಲಿ ಬಿಡಿಸಿ ಹೇಳಿದಳು: "ಸಿಇಟಿ ರ‍್ಯಾಂಕ್ ಥರ ಅಂಕಲ್. ನಂಬರ್ ಚಿಕ್ಕದಾದಷ್ಟೂ ಬಾಗಿಲು ದೊಡ್ಡದು." ಆರುನೂರು ಪುಟ ಬರೆದವರಿಗೆ ಇದು ಹೊಳೆದಿರಲಿಲ್ಲ.

ಆದರೂ ನನಗೆ ನಿಜವಾಗಿ ಛಾಯಾಗ್ರಹಣ ಕಲಿಸಿದ್ದು ಕೈಪಿಡಿಯೂ ಅಲ್ಲ, ಆ ಹುಡುಗಿಯೂ ಅಲ್ಲ. ಎರಡು ಜಿಲ್ಲೆಗಳ ಗೇಟುಗಳಲ್ಲಿ ನೀಲಿ ಅಂಗಿ ತೊಟ್ಟು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿರುವ ಸೆಕ್ಯುರಿಟಿ ಗಾರ್ಡುಗಳು.

ಮೊದಲ ಗುರು ಸಿಕ್ಕಿದ್ದು ಮಂಡ್ಯ ಜಿಲ್ಲೆಯ ಒಂದು ಉದ್ಯಾನದ ಬಾಗಿಲಲ್ಲಿ. ಯಾವುದು ಅಂತ ಹೇಳಿ ಆ ಹುಡುಗನ ಹೊಟ್ಟೆ ಮೇಲೆ ಹೊಡೆಯುವುದು ಬೇಡ. ನನ್ನ ಮುಂದೆ ಆರು ಜನ ಹುಡುಗರು ಒಳಗೆ ಹೋದರು. ಅವರ ಬಳಿ ಮೂರು ಕಣ್ಣಿನ ಫೋನು, ಅದನ್ನು ಅಲುಗಾಡದಂತೆ ಹಿಡಿಯುವ ಮೋಟಾರಿನ ಕೋಲು, ಜಾತ್ರೆಯ ಜಯಂಟ್ ವೀಲಿನಷ್ಟು ದುಂಡಗಿನ ಲೈಟು, ಬಣ್ಣದ ಹೊಗೆ ಬಿಡುವ ಡಬ್ಬಿ, ಬಟ್ಟೆ ಬದಲಿಸಲು ಸೂಟ್‌ಕೇಸು. ಗಾರ್ಡು ಅವರಿಗೆ ದಾರಿ ಬಿಟ್ಟು, ಒಬ್ಬನಿಗೆ ಕೈ ಬೇರೆ ಎತ್ತಿದ. ನಾನು ಹೆಜ್ಜೆ ಇಟ್ಟೆ.

"ಸಾ, ನಿಂತ್ಕೊಳಿ. ಕತ್ತಿನಲ್ಲಿ ಅದೇನದು?"

"ಕ್ಯಾಮೆರಾ ಕಣಪ್ಪ."

"ಪ್ರೊಫೆಷನಲ್ಲಾ?"

"ಪ್ರೊಫೆಷನಲ್ ಅಲ್ಲಪ್ಪ, ಪೆನ್ಷನರ್ರು."

ಅವನು ನಗಲಿಲ್ಲ. ಬಗ್ಗಿ, ಕ್ಯಾಮೆರಾದ ನೆತ್ತಿ ನೋಡಿದ. ಚಕ್ರ ಎಲ್ಲಿ ನಿಂತಿತ್ತೋ ಅಲ್ಲಿ ಬೆರಳಿಟ್ಟ. "ಮತ್ತೆ ಪಿ ಅಂತ ಬರ್ದದಲ್ಲ ಸಾ?"

ಪಿ ಅಂದರೆ ಪ್ರೋಗ್ರಾಂ, ಕಿಂಡಿಯನ್ನೂ ವೇಗವನ್ನೂ ಯಂತ್ರವೇ ನೋಡಿಕೊಳ್ಳುವ, ಏನೂ ಬಾರದವರ ಆಸರೆ ಅಂತ ವಿವರಿಸಿದೆ. ಹಿಂದೆ ಸಾಲು ಬೆಳೆಯಿತು. ಅವನ ಮನಸ್ಸು ಕರಗಲಿಲ್ಲ. "ಫೋನಲ್ ತಕ್ಕಳಿ ಸಾ, ಯಾರು ಬ್ಯಾಡ ಅಂದೋರು? ಕತ್ತಿಗ್ ನೇತಾಕೊಳೋದೆಲ್ಲ ಪ್ರೊಫೆಷನಲ್ಲು. ಒಳಿಕ್ ಬುಡಾಂಗಿಲ್ಲ." ನಾನು ಪಟ್ಟಿ ಬಿಚ್ಚಿ, ಕ್ಯಾಮೆರಾವನ್ನು ಹೆಂಡತಿಯ ತರಕಾರಿ ಚೀಲದಲ್ಲಿ ಸೌತೆಕಾಯಿ ಪಕ್ಕ ಮಲಗಿಸಿ ಮತ್ತೆ ಸಾಲಿಗೆ ಬಂದೆ. ಈ ಸಲ ಅವನು "ಬನ್ನಿ ಸಾ" ಅಂದ. ಕಾನೂನು ಕತ್ತಿನದು, ಕ್ಯಾಮೆರಾದ್ದಲ್ಲ. ಮೊದಲ ಪಾಠ.

ಎರಡನೆಯ ಗುರು ಟಿಕೆಟ್ ಕೌಂಟರಿನವರು, ಇನ್ನೊಂದು ಊರಿನ ಇನ್ನೊಂದು ತಾಣದಲ್ಲಿ. ಅಲ್ಲಿ ಲೆನ್ಸಿನ ಉದ್ದಕ್ಕೆ ತಕ್ಕ ಹಾಗೆ ದರ. ನ್ಯಾಯವೇ. ಪರದೆ ಬಟ್ಟೆಯೂ ಹಾಗೇ ತಾನೆ ಮಾರುವುದು. ನನ್ನ ಬಳಿ ಇದ್ದದ್ದು 70ರಿಂದ 300 ಮಿಲಿಮೀಟರಿನ ಜೂಮು. ಮಡಿಸಿದರೆ ಎಪ್ಪತ್ತು, ಎಳೆದರೆ ಮುನ್ನೂರು.

"ಇದಕ್ಕೆ ಯಾವ ರೇಟು ಹಾಕ್ತೀರಿ?"

ಅವರು ಲೆನ್ಸನ್ನು ಒಮ್ಮೆ, ದರದ ಬೋರ್ಡನ್ನು ಒಮ್ಮೆ ನೋಡಿ, ಗೇಣು ಹಾಕಿ ಅಳೆದರು. ನನ್ನ ಸರ್ವಿಸ್ಸಿನಲ್ಲಿ ಎಷ್ಟೋ ಜಮೀನಿನ ಅಳತೆಯ ಕಾಗದ ನೋಡಿದ್ದೇನೆ, ಗೇಣಿನಲ್ಲಿ ನಾಭಿದೂರ ಅಳೆದವರನ್ನು ನೋಡಿದ್ದು ಅದೇ ಮೊದಲು. ಆ ಮಿಲಿಮೀಟರು ಕೊಳವೆಯ ಉದ್ದವಲ್ಲ, ದೃಶ್ಯವನ್ನು ಎಷ್ಟು ಹತ್ತಿರ ಎಳೆಯುತ್ತದೆ ಅನ್ನುವುದರ ಲೆಕ್ಕ ಅಂತ ಹೇಳಲು ಬಾಯಿ ತೆರೆದೆ. ಹೆಂಡತಿ ಮೊಣಕೈಯಲ್ಲಿ ತಿವಿದಳು. ಕೊನೆಗೆ ತೀರ್ಪು ಬಂತು: "ಮಡಿಸಿರೋ ರೇಟೇ ಹಾಕ್ತೀನಿ. ಒಳಗೆ ಹೋಗಿ ಎಳೀಬೇಡಿ, ಆಯ್ತಾ?"

ಎಳೆಯಲಿಲ್ಲ. ಕೊಟ್ಟ ಮಾತಿಗೆ ತಪ್ಪಬಾರದು. ಬೆಳ್ಳಕ್ಕಿಗಳೆಲ್ಲ ಫೋಟೊದಲ್ಲಿ ಸಾಸಿವೆಯಷ್ಟಾಗಿ ಬಂದವು. ಪಕ್ಕದಲ್ಲಿ ನಿಂತ ಒಬ್ಬ ಮಹಾಶಯ 200 ಮೆಗಾಪಿಕ್ಸೆಲಿನ ಫೋನಿನಲ್ಲಿ ಅದೇ ಹಕ್ಕಿಯ ಕಣ್ಣು ತೆಗೆದು ನನಗೆ ತೋರಿಸಿದ. ನನ್ನ ಪ್ರೊಫೆಷನಲ್ ಯಂತ್ರದಲ್ಲಿ ಇರುವುದು 24.

ಮೂರನೆಯದು ಚಿತ್ರಗಳಿರುವ ಒಂದು ಹಳೆಯ ಸಭಾಂಗಣ. ಫ್ಲ್ಯಾಷ್ ಬೆಳಕಿಗೆ ಬಣ್ಣ ಹಾಳಾಗುತ್ತದೆ, ಆದ್ದರಿಂದ ಕ್ಯಾಮೆರಾ ನಿಷೇಧ ಅಂತ ಬೋರ್ಡು. ಕಾಳಜಿ ಮೆಚ್ಚಬೇಕಾದ್ದೇ. ಆದರೆ ನನ್ನ ಕ್ಯಾಮೆರಾದಲ್ಲಿ ಫ್ಲ್ಯಾಷೇ ಇಲ್ಲ. ಬೇಕಾದರೆ ಬೇರೆ ಕೊಂಡು ತಲೆಯ ಮೇಲೆ ಸಿಕ್ಕಿಸಬೇಕು. ಇದನ್ನು ನಾನು ಗಾರ್ಡಿಗೆ ತೋರಿಸುತ್ತಿದ್ದಾಗಲೇ ಒಳಗಿನಿಂದ ಫಳಕ್, ಫಳಕ್ ಅಂತ ಮೂರು ಸಲ ಮಿಂಚಿತು. "ಅದು ಮೊಬೈಲ್ ಸಾರ್" ಅಂದರು ಅವರು, ಮಳೆಗಾಲದಲ್ಲಿ ಮಿಂಚಿಗೆ ಸಮಾಧಾನ ಹೇಳುವ ಅಜ್ಜಿಯ ದನಿಯಲ್ಲಿ.

1888ರಲ್ಲಿ ಅಮೆರಿಕದ ಜಾರ್ಜ್ ಈಸ್ಟ್‌ಮನ್ ಕೋಡಕ್ ಪೆಟ್ಟಿಗೆ ಕ್ಯಾಮೆರಾ ತಂದಾಗ ಅದರ ಜಾಹೀರಾತು, ಗುಂಡಿ ನೀವು ಒತ್ತಿ, ಮಿಕ್ಕಿದ್ದು ನಮಗೆ ಬಿಡಿ ಅನ್ನುತ್ತಿತ್ತು. ನೂರು ಚಿತ್ರಗಳ ರೋಲು ಒಳಗೇ ತುಂಬಿರುತ್ತಿತ್ತು. ಮುಗಿದ ಮೇಲೆ ಪೆಟ್ಟಿಗೆಯನ್ನೇ ಕಾರ್ಖಾನೆಗೆ ಕಳಿಸಿದರೆ ಫೋಟೊ ತೊಳೆದು, ಹೊಸ ರೋಲು ತುಂಬಿ ವಾಪಸ್ ಕಳಿಸುತ್ತಿದ್ದರು. ಕಸುಬಿನವರ ಕೈಯಿಂದ ಕ್ಯಾಮೆರಾ ತಪ್ಪಿಸಿ ಮನೆಮಂದಿಯ ಕೈಗೆ ಕೊಟ್ಟಿದ್ದು ಆಗ. ನಮ್ಮ ಮರದ ಅರಮನೆ ಸುಟ್ಟದ್ದು 1897ರಲ್ಲಿ, ಹೆನ್ರಿ ಇರ್ವಿನ್ ನಕ್ಷೆಯ ಈಗಿನ ಅರಮನೆ ಮುಗಿದದ್ದು 1912ರಲ್ಲಿ. ಅಂದರೆ ಅರಮನೆಗಿಂತ ಹಿಂದೆಯೇ ತೀರ್ಮಾನವಾಗಿದ್ದ ವಿಷಯ ಇದು. ಗೇಟಿಗೆ ಮಾತ್ರ ಸರ್ಕ್ಯುಲರ್ ಇನ್ನೂ ತಲುಪಿಲ್ಲ.

ಗೇಟಿನ ಹಂಗಿಲ್ಲದೆ ಕಲಿತದ್ದೂ ಒಂದಿದೆ. ಭಾನುವಾರ ಸಂಜೆ ಅರಮನೆಯ ದೀಪ. ಹತ್ತಿರ ಹತ್ತಿರ ಒಂದು ಲಕ್ಷ ಬಲ್ಬು, ರಸ್ತೆಯಲ್ಲಿ ನಿಂತರೂ ಕಾಣುತ್ತದೆ. ಮೊದಲ ಸಲ ತೆಗೆದಾಗ ಅರಮನೆ ತುಪ್ಪದಲ್ಲಿ ಕರಗಿದ ಮೈಸೂರು ಪಾಕಿನಂತೆ ಒಂದೇ ಹಳದಿ ಮುದ್ದೆಯಾಗಿ ಬಂತು. ಕಾರಣ ಸರಳ. ಕ್ಯಾಮೆರಾಗೆ ಲೋಕವೆಲ್ಲ ನಡುಬೂದಿ ಬಣ್ಣದಲ್ಲಿರಬೇಕು ಅನ್ನುವ ಹಟ. ಸುತ್ತ ಕಪ್ಪು ಆಕಾಶ ಕಂಡರೆ ಪಾಪ ಕತ್ತಲಾಗಿದೆ ಅಂತ ಬೆಳಕನ್ನು ಮೇಲೆತ್ತುತ್ತದೆ, ಬಲ್ಬುಗಳು ಉರಿದು ಹೋಗುತ್ತವೆ. ಪ್ಲಸ್ಸು ಮೈನಸ್ಸು ಬರೆದ ಗುಂಡಿ ಹುಡುಕಿ ಮೈನಸ್ ಒಂದೂವರೆಗೆ ಇಳಿಸಿದೆ. ಒಂದೊಂದು ಬಲ್ಬೂ ಬಿಡಿಬಿಡಿಯಾಗಿ ನಿಂತಿತು. ಇನ್ನೊಂದು ಗುಟ್ಟು: ಡಿಸೆಂಬರಿನಲ್ಲಿ ಆರಕ್ಕೆಲ್ಲ ಸೂರ್ಯ ಮುಳುಗುವುದರಿಂದ ಏಳರ ಸುಮಾರಿಗೆ ದೀಪ ಹತ್ತುವಾಗ ಆಕಾಶ ಕಾಡಿಗೆಯಾಗಿರುತ್ತದೆ. ಜೂನಿನಲ್ಲಿ ಅದೇ ಹೊತ್ತಿಗೆ ಇನ್ನೂ ನೀಲಿ ಉಳಿದಿರುತ್ತದೆ. ಮೋಡ ಕೃಪೆ ಮಾಡಿದರೆ ಜೂನೇ ಒಳ್ಳೆಯದು. ಮೂರು ಕಾಲಿನ ಸ್ಟ್ಯಾಂಡು ಬಿಡಿಸಿದರೆ ಎಲ್ಲಿಂದಲೋ ಒಂದು ಸೀಟಿ ಕೇಳುತ್ತದೆ, ಆದ್ದರಿಂದ ಕೈಯಲ್ಲೇ ಹಿಡಿದು ಐಎಸ್ಒ, ಅಂದರೆ ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ, 3200ಕ್ಕೆ ಏರಿಸುವುದನ್ನೂ ಕಲಿತೆ. ಸ್ವಲ್ಪ ರವೆ ಉದುರಿಸಿದ ಹಾಗೆ ಬರುತ್ತದೆ. ಬರಲಿ.

ಅದೇ ಧೈರ್ಯದಲ್ಲಿ ದಸರೆಗೂ ಹೋದೆ. 750 ಕಿಲೋ ತೂಕದ, ಚಿನ್ನ ಹೊದಿಸಿದ ಅಂಬಾರಿ ಎದುರಿಗೆ ಬಂತು. ನನ್ನ ಕ್ಯಾಮೆರಾ ಮುಂದಿನವರ ಎತ್ತಿದ ಫೋನಿಗೆ ಫೋಕಸ್ ಹಿಡಿದು ಕೂತಿತು. ಆ ಫೋನಿನ ತೆರೆಯಲ್ಲಿ ಅಂಬಾರಿ ಬಹಳ ಚೆನ್ನಾಗಿ ಬಂದಿದೆ.

ಇಷ್ಟೆಲ್ಲ ಆದ ಮೇಲೆ ಮಗನಿಗೆ ಫೋನ್ ಮಾಡಿ, "ಪ್ರೊಫೆಷನಲ್ ಅಲ್ಲದ ಲೆನ್ಸು ಇದ್ದರೆ ಕಳಿಸು" ಅಂದೆ. 35 ಮಿಲಿಮೀಟರಿನದೊಂದು ಕಳಿಸಿದ. ಅಡಿಕೆ ಡಬ್ಬಿಯಷ್ಟೇ ಇದೆ, ಜೂಮ್ ಇಲ್ಲ, ಹತ್ತಿರ ಬೇಕಾದರೆ ನಾವೇ ನಡೆಯಬೇಕು. ಅದನ್ನು ಸಿಕ್ಕಿಸಿದ ದಿನದಿಂದ ಒಬ್ಬ ಗಾರ್ಡೂ ತಿರುಗಿ ನೋಡಿಲ್ಲ! ದೇವರಾಜ ಮಾರುಕಟ್ಟೆಯಲ್ಲಿ ಕುಂಕುಮದ ಗುಡ್ಡೆ, ಮಲ್ಲಿಗೆ ಮಾರು ಹಾಕುವ ಮೊಣಕೈ, ರಸಬಾಳೆಯ ಗೊನೆ, ಎಲ್ಲ ಸಿಕ್ಕವು. ಹೂವಿನಮ್ಮ "ಫೋಟ ತಗುದ್ರೆ ಸಾಲ್ದು, ಎರಡು ಮಾರಾದ್ರೂ ತಕ್ಕೋಬೇಕು" ಅಂದಳು. ತಕ್ಕೊಂಡೆ. ನಾನು ಇದುವರೆಗೆ ಕೊಟ್ಟ ಕ್ಯಾಮೆರಾ ಶುಲ್ಕಗಳಲ್ಲಿ ರಸೀದಿ ಇಲ್ಲದೆಯೂ ನ್ಯಾಯ ಅನ್ನಿಸಿದ್ದು ಅದೊಂದೇ. ಮೊಮ್ಮಗಳು ಓಡುವಾಗ ಸೆಕೆಂಡಿನ 250ರಲ್ಲೊಂದು ಭಾಗಕ್ಕಿಂತ ನಿಧಾನ ಇಡಬಾರದು, ಇಬ್ಬರನ್ನು ಹಿಂದೆ ಮುಂದೆ ನಿಲ್ಲಿಸಿ 1.8ರಲ್ಲಿ ತೆಗೆದರೆ ಹಿಂದಿನವರ ಮುಖ ಮಂಜಾಗುತ್ತದೆ, ನಾಲ್ಕಕ್ಕೆ ಇಡಬೇಕು, ಅನ್ನುವುದೆಲ್ಲ ಈ ಪುಟ್ಟ ಲೆನ್ಸಿನಲ್ಲೇ ಕೈಗೆ ಹತ್ತಿತು. ಎರಡನೆಯದನ್ನು ಕಲಿತದ್ದು ಹೆಂಡತಿ ಮತ್ತು ನಾದಿನಿಯನ್ನು ತೆಗೆದಾಗ. ಮಂಜಾದದ್ದು ಹೆಂಡತಿ.

ಆದರೂ ಆಸೆ ಕೇಳಬೇಕಲ್ಲ. ಮೊದಲು ಹೇಳಿದ ಉದ್ಯಾನದಲ್ಲಿ ಮಂಜಿನ ಬೆಳಿಗ್ಗೆ ದೊಡ್ಡ ಲೆನ್ಸು ಹಿಡಿದು, ರಾಜಾರೋಷವಾಗಿ, ಕತ್ತಿಗೆ ನೇತುಹಾಕಿಕೊಂಡೇ ಹೋಗಬೇಕು ಅನ್ನಿಸಿತು. ಆಫೀಸಿನಲ್ಲಿ ವಿಚಾರಿಸಿದೆ. ಸಿಬ್ಬಂದಿ ತುಂಬ ಒಳ್ಳೆಯವರು. "ಅರ್ಜಿ ಕೊಡಿ ಸಾರ್. ಆಧಾರ್ ಜೆರಾಕ್ಸು, ಕ್ಯಾಮೆರಾ ಬಿಲ್ಲಿನ ಜೆರಾಕ್ಸು, ಎರಡು ಪಾಸ್‌ಪೋರ್ಟ್ ಸೈಜ್ ಫೋಟೊ."

ಕ್ಯಾಮೆರಾ ಇಟ್ಟುಕೊಂಡೂ ನನ್ನದೇ ಫೋಟೊ ನನ್ನ ಬಳಿ ಇರಲಿಲ್ಲ. ಮನೆ ಹತ್ತಿರದ ಸ್ಟುಡಿಯೋಗೆ ಹೋದೆ. ಗೋಡೆ ತುಂಬ ಹಳೆಯ ಮದುವೆಗಳು, ಮೂಲೆಯಲ್ಲಿ ಧೂಳು ಹಿಡಿದ ಛತ್ರಿ ಲೈಟು. ಮಾಲೀಕರು ನನ್ನನ್ನು ಸ್ಟೂಲಿನ ಮೇಲೆ ಕೂರಿಸಿ, ಗಲ್ಲ ಎಡಕ್ಕೆ ತಿರುಗಿಸಿ, ಎರಡು ಹೆಜ್ಜೆ ಹಿಂದೆ ಸರಿದು, ಜೇಬಿನಿಂದ ಫೋನು ತೆಗೆದರು.

"ಕ್ಯಾಮೆರಾ ಇಲ್ವಾ ಸ್ವಾಮಿ?"

"ಅದನ್ನ ಯಾರು ಎತ್ತುತ್ತಾರೆ ಸಾರ್ ಈಗ. ಇದರಲ್ಲಿ ಹಿಂದಿನ ಗೋಡೆ ಅದೇ ಬ್ಲರ್ ಮಾಡ್ಕೊಳುತ್ತೆ."

ಎಂಟು ಪ್ರತಿ ಕೈಗೆ ಬಂದವು. ಗೋಡೆ ಬ್ಲರ್ ಆಗಿತ್ತು. ಗೋಡೆಯ ಜೊತೆಗೆ ನನ್ನ ಬಲಗಿವಿಯೂ ಅರ್ಧ ಹೋಗಿತ್ತು. ಅಂಟಿಸಿ ಅರ್ಜಿ ಕೊಟ್ಟೆ. ಮೊನ್ನೆ ವಾಪಸ್ ಬಂತು, ಮೇಲೆ ಕೆಂಪು ಇಂಕಿನಲ್ಲಿ ಷರಾ: "ಎರಡೂ ಕಿವಿ ಕಾಣುವ ಫೋಟೊ ಲಗತ್ತಿಸುವುದು."