ಹಾಜರಿ ಕೂಗುವಾಗಲೇ ಮರ ಕಡಿದದ್ದು

ಚಿಕ್ಕಮಗಳೂರಿನ ನಮ್ಮ ಮನೆಯ ಜಗಲಿಯಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಗ್ರೇಡಲ್ ಎಂಬ ಬಿಲ್ಡ್ ಸಾಧನದೊಡನೆ (ಸಾಫ್ಟ್‌ವೇರ್ ಸಿದ್ಧಪಡಿಸುವ ಕೆಲಸಗಳನ್ನು ನಾವು ಬರೆದಿಟ್ಟಂತೆ ನಡೆಸುವ ಸಾಧನ) ನಾನು ಗುದ್ದಾಡುವುದನ್ನು, ಕಾಫಿ ತೋಟದಲ್ಲಿ 30 ವರ್ಷ ಆಳುಗಳ ಹಾಜರಿ ಬರೆಯುವ ರೈಟರ್ ಆಗಿದ್ದ ಅಪ್ಪ ದಿನವೂ ನೋಡುತ್ತಾರೆ. ನನ್ನ ಪ್ರಾಜೆಕ್ಟಿನಡಿ ನಾಲ್ಕು ಉಪಪ್ರಾಜೆಕ್ಟುಗಳಿದ್ದು, ಪ್ರತಿಯೊಂದಕ್ಕೂ ಹಳೆಯ ವರದಿಗಳನ್ನು ಅಳಿಸುವ ಟಾಸ್ಕ್, ಅಂದರೆ ಹೆಸರಿಟ್ಟ ಒಂದು ಕೆಲಸ, ಬೇಕಿತ್ತು. ನಾಲ್ಕು ಕಡೆ ಬರೆಯಲು ಸೋಮಾರಿತನವಾಗಿ, ಮೂಲ ಕಡತದ ಎಲ್ಲ ಉಪಪ್ರಾಜೆಕ್ಟುಗಳಿಗೂ ಅನ್ವಯಿಸುವ ‘ಸಬ್‌ಪ್ರಾಜೆಕ್ಟ್ಸ್’ ಬ್ಲಾಕಿನೊಳಗೆ ಒಮ್ಮೆ ಬರೆದು ಬೀಗಿದೆ.

ಮರುದಿನ ಬೆಳಿಗ್ಗೆ, ಯಾವ ಯಾವ ಟಾಸ್ಕುಗಳಿವೆಯೆಂದು ಸುಮ್ಮನೆ ಪಟ್ಟಿ ಕೇಳಿದೆ. ಪಟ್ಟಿಯೇನೋ ಬಂತು, ನಾಲ್ಕೂ ಫೋಲ್ಡರುಗಳ ವರದಿಗಳು ಮಾಯವಾಗಿದ್ದವು. ಮಧ್ಯಾಹ್ನ ಗ್ರಾಹಕರಿಗೆ ಕಳುಹಿಸಬೇಕಿದ್ದವೂ ಅವೇ.

“ಪಟ್ಟಿ ಕೇಳಿದ್ರೆ ಕೆಲಸಾನೇ ಮಾಡ್ಬಿಡುತ್ತೇನೋ ಅದು?” ಎಂದರು ಅಪ್ಪ.

ಗ್ರೇಡಲ್ ಮೊದಲು ಎಲ್ಲ ಉಪಪ್ರಾಜೆಕ್ಟುಗಳ ಕಡತಗಳನ್ನೂ ಓದಿ ಯಾರ್ಯಾರ ಬಳಿ ಏನೇನು ಕೆಲಸವಿದೆಯೆಂದು ಗುರುತು ಹಾಕಿಕೊಳ್ಳುತ್ತದೆ, ಅನಂತರವಷ್ಟೇ ನಾವು ಕೇಳಿದ ಟಾಸ್ಕನ್ನು ನಡೆಸುತ್ತದೆ, ಹಾಗಾಗಿ ನಿಜವಾದ ಕೆಲಸವನ್ನು ‘ಡೂಲಾಸ್ಟ್’ ಎಂಬ ಆವರಣದೊಳಗೆ ಇಡಬೇಕು, ನಾನು ಹೊರಗಿಟ್ಟಿದ್ದರಿಂದ ಓದುವಾಗಲೇ ಅಳಿಸಿಬಿಟ್ಟಿತು ಎಂದು ವಿವರಿಸಿದೆ. ಅಪ್ಪ ಲೋಟ ಕೆಳಗಿಟ್ಟರು.

“ಹಾಜರಿ ಕೂಗಿದಾಗ ‘ಬಂದೆ’ ಅನ್ನಬೇಕಾದ ಆಳು, ಸೀದಾ ಸಿಲ್ವರ್ ಮರ ಹತ್ತಿ ಕಡಿಯೋಕೆ ಶುರು ಮಾಡಿದ ಹಾಗಾಯ್ತು ಕಣೋ.”

ನನ್ನ ಮೇಲಧಿಕಾರಿಗಳ ಅರ್ಧ ಗಂಟೆಯ ಮೀಟಿಂಗಿನಲ್ಲಿ ಇಷ್ಟು ಸ್ಪಷ್ಟವಾದ ಮಾತು ಬರಲಿಲ್ಲ.

ಅಳಿಸುವ ಎರಡು ಸಾಲನ್ನು ‘ಡೂಲಾಸ್ಟ್’ ಒಳಗೆ ಸರಿಸಿ, ವರದಿ ತಯಾರಿಸುವ ಟಾಸ್ಕನ್ನೂ ಅದೇ ಬ್ಲಾಕಿಗೆ ಸೇರಿಸಿ ಓಡಿಸಿದೆ. ಮೂಲ ಫೋಲ್ಡರಿನಿಂದ ಬರೀ ಹೆಸರು ಹೇಳಿದರೆ ಆ ಟಾಸ್ಕ್ ಎಲ್ಲ ಉಪಪ್ರಾಜೆಕ್ಟುಗಳಲ್ಲೂ ಓಡುತ್ತದೆ. ಒಂದರಲ್ಲಷ್ಟೇ ಬೇಕಾದರೆ ಟಾಸ್ಕಿನ ಹೆಸರಿಗೆ ಮೊದಲು ಉಪಪ್ರಾಜೆಕ್ಟಿನ ಹೆಸರನ್ನೂ ಕೋಲನ್ ಹಾಕಿ ಸೇರಿಸಬೇಕು. ನಾಲ್ಕೂ ಯಶಸ್ವಿಯಾದವು, ಆದರೆ ಸಿಕ್ಕಿದ್ದು ಒಂದೇ ವರದಿ. ಆಯಾ ಪ್ರಾಜೆಕ್ಟಿನ ಫೋಲ್ಡರ್ ಎನ್ನಬೇಕಾದಲ್ಲಿ ‘ರೂಟ್‌ಪ್ರಾಜೆಕ್ಟ್’, ಅಂದರೆ ಎಲ್ಲಕ್ಕೂ ಮೇಲಿನ ಮೂಲ ಪ್ರಾಜೆಕ್ಟ್, ಎಂದಿದ್ದೆ. ನಾಲ್ವರೂ ಒಂದೇ ಕಡತದ ಮೇಲೆ ಒಬ್ಬರದನ್ನೊಬ್ಬರು ಅಳಿಸಿ ಬರೆದಿದ್ದರು.

“ನಾಲ್ಕು ಮೇಸ್ತ್ರಿಗಳಿಗೂ ಒಂದೇ ಹಾಜರಿ ಪುಸ್ತಕ ಕೊಟ್ಟೆಯಾ?” ಎಂದು ಅಪ್ಪ, ಈ ಸಲ ತಲೆಯೆತ್ತದೆ, ಪೇಪರ್ ಓದುತ್ತಲೇ ಕೇಳಿದರು.

ಸಂಜೆ ಆರಕ್ಕೆ ನಾಲ್ಕೂ ವರದಿಗಳನ್ನು ಕಳುಹಿಸಿದೆ. ಈಗ ನಾನು ಎಂಟರ್ ಒತ್ತುವ ಮುನ್ನ ಅಡುಗೆಮನೆಯಿಂದ ಅಮ್ಮನೂ ಕೇಳುತ್ತಾರೆ: “ಹಾಜರಿನೋ, ಕೆಲಸಾನೋ?”