ಸೂಜಿಗೊಂದು ಗಾದಿ

ನಮ್ಮ ಮನೆಯಲ್ಲಿ ಸೂಜಿಗೆ ಸ್ವಂತದ ಜಾಗವೆಂಬುದು ಬಹುಕಾಲ ಇರಲಿಲ್ಲ. ಒಂದು ಸೂಜಿ ಕ್ಯಾಲೆಂಡರಿನ ಮೂಲೆಯಲ್ಲಿ, ಇನ್ನೊಂದು ದಾರದ ಉಂಡೆಯಲ್ಲಿ, ಕೌದಿ ಹೊಲಿಯುವ ದೊಡ್ಡ ಸೂಜಿ ಅವ್ವನ ಸೆರಗಿನಲ್ಲಿ, ಪಿನ್ನುಗಳೆಲ್ಲ ಅವಳ ತಾಳಿಸರದಲ್ಲಿ, ಹೀಗೆ ಅವು ಮನೆತುಂಬ ಬಿಡಾರ ಹೂಡಿದ್ದವು. ದೀಪ ಹಚ್ಚಿದ ಮೇಲೆ ಸೂಜಿಯನ್ನು ಪರರಿಗೆ ಕೊಡಬಾರದೆಂಬ ಕಟ್ಟಳೆ ನಮ್ಮ ಕಡೆ ಇದೆ. ಕೇಳಿಕೊಂಡು ಬಂದ ನೆರೆಯವರಿಗೆ ಅವ್ವ ಅದನ್ನೇ ಹೇಳಿ ಕಳಿಸುತ್ತಿದ್ದಳಾದರೂ, ಆ ಹೊತ್ತಿನಲ್ಲಿ ಸೂಜಿ ಎಲ್ಲಿದೆಯೆಂಬುದು ಅವಳಿಗೇ ಗೊತ್ತಿರುತ್ತಿರಲಿಲ್ಲ. 12ನೆಯ ಶತಮಾನದ ಶರಣರಲ್ಲಿ ಸೂಜಿಕಾಯಕದ ರಾಮಿತಂದೆ ಎಂಬ ವಚನಕಾರನಿದ್ದನು. ಸೂಜಿಯನ್ನೇ ಕಾಯಕವಾಗಿಸಿಕೊಂಡ ಆತ ಅವನ್ನೆಲ್ಲ ಎಲ್ಲಿ ಚುಚ್ಚಿಡುತ್ತಿದ್ದನೋ ಎಂಬ ಕುತೂಹಲ ನನಗೆ ಈಗಲೂ ಇದೆ.

ಒಂದು ದಿನ ಅಂಗಾಲಿಗೆ ಸೂಜಿ ನೆಟ್ಟ ಮೇಲೆ, ಬಾಗಲಕೋಟೆಯ ನವನಗರದ ನಮ್ಮ ಮನೆಯಲ್ಲಿ ಸೂಜಿ, ಪಿನ್ನುಗಳನ್ನು ಚುಚ್ಚಿಡುವ ಪುಟ್ಟ ಸೂಜಿಗಾದಿಯೊಂದನ್ನು ಹೊಲಿಯಲು ಕುಳಿತೆನು. ಬಟ್ಟೆಗೆ ಬರವಿರಲಿಲ್ಲ. ಉಡಿ ತುಂಬಿಸಿಕೊಂಡು ತಂದ ಗುಳೇದಗುಡ್ಡದ ಖಣಗಳು ಮುಕ್ಕೋನವಾಗಿ ಮಡಚಿದಂತೆಯೇ ಟ್ರಂಕಿನಲ್ಲಿ ಮಲಗಿದ್ದವು. ತೊಡಕು ಬಂದದ್ದು ಒಳಗೆ ಏನನ್ನು ತುಂಬಬೇಕೆಂಬಲ್ಲಿ.

ಮೊದಲ ಗಾದಿಗೆ ಬಿಳಿಜೋಳ ತುಂಬಿದೆನು. ತೂಕ ಚೆನ್ನಾಗಿತ್ತು, ಮೇಜಿನ ಮೇಲೆ ಗಟ್ಟಿಯಾಗಿ ಕೂರುತ್ತಿತ್ತು. ಆದರೆ ತಿಂಗಳೆರಡಾಗುವಷ್ಟರಲ್ಲಿ ಖಣದ ಮೇಲೆ ಸಣ್ಣ ಸಣ್ಣ ತೂತುಗಳು ಕಂಡವು, ಅವು ನಾನು ಚುಚ್ಚಿದವಲ್ಲ. ಎರಡನೆಯದಕ್ಕೆ ಹತ್ತಿ ತುಂಬಿದೆನು. ನಮ್ಮದು ಬಿರುಬಿಸಿಲಿನ ಊರಾದರೂ ಮಳೆಗಾಲದಲ್ಲಿ ಹತ್ತಿ ಹಸಿ ಹೀರಿಕೊಂಡು ಸೂಜಿಗಳಿಗೆ ತುಕ್ಕು ಹತ್ತಿಸಿತು. ಸಾಲದ್ದಕ್ಕೆ, ಗುಂಡುತಲೆಯ ಪಿನ್ನು ಬಟ್ಟೆಯ ಮೇಲೆಯೇ ತಡೆದು ನಿಲ್ಲುತ್ತದೆ, ತಲೆಯಿಲ್ಲದ ಸೂಜಿ ಮಾತ್ರ ಮೆತ್ತನೆಯ ಹತ್ತಿಯೊಳಗೆ ಪೂರಾ ಮುಳುಗಿಬಿಡುತ್ತದೆ. ಬಿಚ್ಚಿ ನೋಡಿದಾಗ ಏಳು ಸೂಜಿಗಳು ಸಿಕ್ಕವು. ಅವುಗಳಲ್ಲಿ ನಾಲ್ಕನ್ನು ಕಳೆದವಳು ತಂಗಿಯೆಂದು ನಾನು ಆಗಲೇ ತೀರ್ಪು ಕೊಟ್ಟಾಗಿತ್ತು.

ಅಂಗಡಿಯಲ್ಲಿ ಸಿಗುವ ಟೊಮೇಟೊ ಆಕಾರದ ಪಿನ್ ಕುಶನ್ನಿಗೆ ಜೋತುಬಿದ್ದಿರುವ ಪುಟ್ಟ ಸ್ಟ್ರಾಬೆರಿಯನ್ನು ಬರಿಯ ಅಲಂಕಾರವೆಂದು ತಿಳಿದವರೇ ಹೆಚ್ಚು. ಅದರೊಳಗೆ ಕುರಂದದ, ಅಂದರೆ ಸಾಣೆ ಹಿಡಿಯಲು ಬಳಸುವ ಗಟ್ಟಿ ಕಲ್ಲಿನ, ಪುಡಿ ತುಂಬುವ ರೂಢಿಯಿದೆ, ಸೂಜಿಯನ್ನು ನಾಲ್ಕು ಸಲ ಅದರಲ್ಲಿ ಚುಚ್ಚಿ ತೆಗೆದರೆ ತುಕ್ಕು ಹೋಗಿ ಮೊನೆ ಹರಿತವಾಗುತ್ತದೆ. ನನಗೆ ಕುರಂದ ಸಿಗಲಿಲ್ಲ, ಕೂದಲು ಸಿಕ್ಕಿತು. ಅವ್ವ ಬಾಚಿದ ಕೂದಲನ್ನು ಉಂಡೆ ಸುತ್ತಿ ಕಿಟಕಿಯ ಸರಳಿಗೆ ಕಟ್ಟಿದ ಕ್ಯಾರಿಬ್ಯಾಗಿನಲ್ಲಿ ತಿಂಗಳುಗಟ್ಟಲೆ ಕೂಡಿಹಾಕಿದ್ದಳು. ಕೂದಲಿಗೆ ಅಂಟಿದ ಎಣ್ಣೆಯ ಜಿಡ್ಡು ಸೂಜಿಗೆ ತುಕ್ಕು ಹತ್ತಗೊಡುವುದಿಲ್ಲ, ಮೇಲಾಗಿ ಬಟ್ಟೆಯಲ್ಲಿ ಅದು ಸರಾಗವಾಗಿ ಓಡುತ್ತದೆ.

ಮೂರನೆಯ ಗಾದಿಗೆ ಐದು ಇಂಚು ಅಗಲದ ಎರಡು ವೃತ್ತಗಳನ್ನು ಕತ್ತರಿಸಿದೆನು. ಖಣದ ಅಂಚು ಬೇಗ ಎಳೆ ಬಿಡುವುದರಿಂದ ಅರ್ಧ ಇಂಚು ಒಳಗೆ ಹೊಲಿಗೆ ಹಾಕಿ, ಎಣ್ಣೆ ಹೊರಗೆ ಜಿನುಗದಂತೆ ಹಳೆಯ ಅಂಗಿಯ ದಟ್ಟ ಬಟ್ಟೆಯನ್ನು ಅಸ್ತರಾಗಿ ಕೊಟ್ಟು, ಎರಡು ಬೆರಳಿನಷ್ಟು ಬಾಯಿ ಬಿಟ್ಟು ಮಗುಚಿ, ಇನ್ನು ಹಿಡಿಸದು ಎನ್ನಿಸಿದ ಮೇಲೆಯೂ ಮೂರು ಹಿಡಿ ಕೂದಲು ತುರುಕಿದೆನು. ಬಾಯಿ ಹೊಲಿದ ಮೇಲೆ ದಪ್ಪ ದಾರವನ್ನು ಅಡಿಯ ನಡುವಿನಿಂದ ಮೇಲಕ್ಕೆ ತೆಗೆದು, ಪಕ್ಕದಿಂದ ಸುತ್ತಿ ಬಿಗಿದು ಮತ್ತೆ ಅಡಿಗೆ ತಂದು, ಹೀಗೆ ಆರು ಸಲ ಎಳೆದಾಗ ಅದು ಆರು ಎಸಳಿನ ಕುಂಬಳಕಾಯಿಯಂತಾಯಿತು. ನಡುವಿನ ಗುಳಿಗೆ ಒಂದು ಗುಂಡಿ ಹಚ್ಚಿದೆನು. ಎಸಳುಗಳು ಒಂದರಂತೆ ಒಂದಿಲ್ಲ, ಎರಡು ಸೊರಗಿವೆ. ಸೂಜಿಗಳೇನೂ ತಕರಾರು ಮಾಡಿಲ್ಲ.

ತಕರಾರು ಬಂದದ್ದು ಅವ್ವನಿಂದ. ಹಿಂದೆ ಓಣಿಗೆ ಬರುತ್ತಿದ್ದ ಕೂದಲಿನವನು ಕೂದಲಿಗೆ ಬದಲಾಗಿ ಸೂಜಿ, ಪಿನ್ನುಗಳನ್ನೇ ಕೊಡುತ್ತಿದ್ದನು. ಈಗ ಬರುವವನು ಸ್ಟೀಲಿನ ಡಬ್ಬಿ ಕೊಡುತ್ತಾನೆ. ಕಳೆದ ವಾರ ಅವನ ಕೂಗು ಕೇಳಿ ಅವ್ವ ಕಿಟಕಿಯತ್ತ ಹೋಗಿ, ಬರಿದಾದ ಕ್ಯಾರಿಬ್ಯಾಗನ್ನು ಹಿಡಿದುಕೊಂಡು ಬಂದು ನನ್ನ ಮುಂದೆ ನಿಂತಳು. “ನಿನ್ನ ಗಾದಿಯೊಳಗ ನಂದೊಂದು ಡಬ್ಬಿ ಹೋತು” ಎಂದಳು.