ಸತ್ಯಾಂಶ: ಬೆಲ್ಲದ ನೀರಿಗೆ ಲಿವರ್ ಕೊಬ್ಬು ಕರಗುತ್ತದೆಯೇ?

"ಖಾಲಿ ಹೊಟ್ಟೆಗೆ ಬೆಲ್ಲದ ನೀರು ಕುಡಿದರೆ ಫ್ಯಾಟಿ ಲಿವರ್ ಮಾಯ, ಇಲಿಗಳಲ್ಲಿ ಸಾಬೀತಾಗಿದೆ" ಎಂಬ ಸಂದೇಶ ಮಂಡ್ಯದ ವಾಟ್ಸಾಪ್ ಗುಂಪುಗಳಲ್ಲಿ ಓಡಾಡುತ್ತಿದೆ. ದಯವಿಟ್ಟು ನಂಬಬೇಡಿ. (ಫ್ಯಾಟಿ ಲಿವರ್ ಅಂದ್ರೆ ಲಿವರ್‌ನಲ್ಲಿ ಕೊಬ್ಬು ತುಂಬಿಕೊಳ್ಳುವ ಕಾಯಿಲೆ.)

ಆಲೆಮನೆಗಳ ಸೀಮೆಯವರಾದ ನಮಗೆ ಬೆಲ್ಲ ಅಂದ್ರೆ ಪ್ರೀತಿ, ನನಗೂ ಅಷ್ಟೇ. ಆದರೆ ಬೆಲ್ಲದಲ್ಲೂ ಹೆಚ್ಚಿನ ಪಾಲು ಸಕ್ಕರೆಯೇ ಅಲ್ವಾ? ಸಕ್ಕರೆಯ ಅರ್ಧ ಫ್ರಕ್ಟೋಸ್ ಎಂಬ ಸಿಹಿ ಅಂಶ. ಅದು ಜಾಸ್ತಿಯಾದರೆ ಲಿವರ್ ಅದನ್ನು ಕೊಬ್ಬಾಗಿ ಮಾರ್ಪಡಿಸುತ್ತದೆ. ಲ್ಯಾಬಿನಲ್ಲಿ ಇಲಿಗಳಿಗೆ ಫ್ಯಾಟಿ ಲಿವರ್ ಬರಿಸಲೆಂದೇ ಜಿಡ್ಡಿನ ಆಹಾರದ ಜೊತೆ ಸಕ್ಕರೆ ನೀರು ಕುಡಿಸುವುದುಂಟು! ತಿಂಗಳುಗಟ್ಟಲೆ ಹೀಗೆ ಸಾಕಿದರೆ ಕೆಲವಕ್ಕೆ ಲಿವರ್ ಕ್ಯಾನ್ಸರೂ ಬರುತ್ತದೆ.

ಲ್ಯಾಬಿನ ಇಲಿ ಬದುಕುವುದು 2-3 ವರ್ಷ. ನಮ್ಮಲ್ಲಿ ಫ್ಯಾಟಿ ಲಿವರ್ ಹತ್ತಾರು ವರ್ಷ ಮೆಲ್ಲಗೆ ಬೆಳೆಯುತ್ತದೆ. ಹಾಗಾಗಿ ಇಲಿಯಲ್ಲಿ ಗೆದ್ದ ಔಷಧಿಯನ್ನೂ ಮನುಷ್ಯರಲ್ಲಿ ಪರೀಕ್ಷಿಸಲೇಬೇಕು. ತೂಕ ಜಾಸ್ತಿ ಇರುವವರು ಶೇ. 7ರಿಂದ 10ರಷ್ಟು ಇಳಿಸಿಕೊಂಡರೆ ಲಿವರ್ ಕೊಬ್ಬು ಕಡಿಮೆಯಾಗುವುದು ಮಾತ್ರ ಮನುಷ್ಯರಲ್ಲೇ ಕಂಡ ಮಾತು.